ಮೂವತ್ತೇಳನೆಯದು

ಅಂಗಡಿಯಲ್ಲಿ ಈಗ ಗುಂಡಿ, ಜಿಪ್ಪು, ನೂಲಿನುಂಡೆ ಮಾರುತ್ತೇನೆ.
ಹಿಂದಿನ ಕತ್ತಲಕೋಣೆಯಲ್ಲಿ ಅಕ್ರೋಟಿನ ಮೂಟೆ.
ಅದು ಗೊತ್ತಿದ್ದೂ ಬಂದ ಓತಾರ್,
ಹನ್ನೊಂದು ವರ್ಷದ ಮೇಲೆ,
ಕುತೈಸಿಯ ನವೆಂಬರ್ ಕೆಸರನ್ನು ಬೂಟಿಗೆ ಮೆತ್ತಿಕೊಂಡು.
"ನಾಝಿಬ್ರೋಲಾ, ನಿನ್ನ ರಸಾಯನ ಇನ್ನೂ ಇದೆಯಾ?"
ಇದೆ ಅಂದೆ. ಉಪ್ಪಿನಕಾಯಿ ಜಾಡಿಯಲ್ಲಿ.
ಯಾಕೆ ಇಟ್ಟುಕೊಂಡಿದ್ದೆನೋ, ಕೇಳಬೇಡಿ.

ಒಂದೇ ಊರಲ್ಲಿ ಎರಡು ಅಮಾವಾಸ್ಯೆ ಕಂಡವನಲ್ಲ ಇವನು.
ಬಟುಮಿಯ ಹಡಗುಕಟ್ಟೆ, ಸ್ವಾನೇತಿಯ ಗೋಪುರ, ಗಡಿಯಾಚೆಯ ಕಾರ್ಸ್,
ಹೋದಲ್ಲೆಲ್ಲ ಹುರಿಗಡಲೆ ಮುಕ್ಕಿದ ಹಾಗೆ ಕ್ಲಿಕ್ಕಿಸಿದ.
ಅದೆಲ್ಲ ಈಗ ಕಪ್ಪು ಸೋಪಿನ ಬಿಲ್ಲೆಯಂಥ
ನಾಲ್ಕು ಡಬ್ಬಿಗಳಲ್ಲಿ.
ಒಂದು, ಕಿವಿಗೆ ಹಿಡಿದರೆ ಟಿಕ್ ಟಿಕ್ ಅನ್ನುತ್ತದೆ.
ತೆರೆಯುವುದಿಲ್ಲ.

"ಅದಕ್ಕಲ್ಲ ಬಂದದ್ದು" ಅಂದ.
ತುಶೇತಿಯ ಒಮಾಲೋದಲ್ಲಿ ಕುರಿಯವರ ಮುದುಕಿ, ಮಖ್ವಾಲಾ.
ನಮ್ಮಲ್ಲಿ ಗೋರಿಯ ಕಲ್ಲಿಗೆ ಮುಖ ಕೆತ್ತಿಸುತ್ತೇವಲ್ಲ,
ಕರಿಕಲ್ಲನ್ನು ಮೊಳೆಯಿಂದ ಕುಟ್ಟಿ ಕುಟ್ಟಿ,
ಅದಕ್ಕೊಂದು ಚಿತ್ರ ಕೊಡು ಅಂದಳಂತೆ. ಒಂದು.
ಮೂರು ರಾತ್ರಿ ಹುಡುಕಿದ. ಸಿಕ್ಕಿದ್ದು
ನಾನೂರ ಹನ್ನೊಂದು ಮಖ್ವಾಲಾ.
ಒಂದಕ್ಕೂ ಇನ್ನೊಂದಕ್ಕೂ ರೆಪ್ಪೆಯಷ್ಟು ಅಂತರ.
ಸರಿಸಿ ಸರಿಸಿ ಬೆರಳು ಸೋತು ಮುದುಕಿ ಕೇಳಿದಳು:
"ಇಷ್ಟು ಜನದಲ್ಲಿ ನಾನು ಯಾರಪ್ಪಾ?"

ಆಮೇಲೆ ಇವನು ಅಪ್ಪನ ಝೆನಿತ್ ಹುಡುಕಿ,
ಅವಧಿ ಮೀರಿದ ಒಂದು ರೋಲು ಕೊಂಡು
ಆಗಸ್ಟಿನಲ್ಲಿ ಮತ್ತೆ ಬೆಟ್ಟ ಹತ್ತಿದ.
ಮೂವತ್ತಾರು ಸಲ ಮಾತ್ರ ಕಣ್ಣು ಮಿಟುಕಿಸಬಹುದು
ಅಂದರೆ ಮನುಷ್ಯ ಎಷ್ಟು ಮೆಲ್ಲಗೆ ನೋಡುತ್ತಾನೆ!
ಮಂಜಿಗೊಂದು. ನಾಯಿಗೊಂದು, ಅದೂ ಅಲ್ಲಾಡಿತು.
ಮುದುಕಿಗೆ ಕೂರಲು ಪುರುಸೊತ್ತಿಲ್ಲ:
ಗಿಣ್ಣಿನ ಚೀಲ ಹಿಂಡಬೇಕು, ಉಣ್ಣೆ ಬಿಡಿಸಬೇಕು,
ಸೊಸೆಯನ್ನು ಬೈಯಬೇಕು.
ಕೂತರೂ ಆಗಲೇ ಸತ್ತವಳ ಹಾಗೆ ಬೆನ್ನು ಸೆಟೆಸಿ.
ಅಕ್ಟೋಬರಿನಲ್ಲಿ ಕಣಿವೆಯ ದಾರಿಗೆ ಹಿಮ ಬೀಳುವ ಮುನ್ನ
ಎಣಿಕೆಯ ಮುಳ್ಳು ಮೂವತ್ತಾರಕ್ಕೆ ನಿಂತಿತು.
"ಮುಗಿಯಿತು ಅಜ್ಜಿ" ಅಂದ.
"ಅಬ್ಬ!" ಅಂದಳಂತೆ. ತಲೆವಸ್ತ್ರ ಬಿಚ್ಚಿ,
ಕಾಲು ನೀಡಿ, ಗೋಡೆಗೊರಗಿದಳು.
ಇವನು ಸುಮ್ಮನೆ ಸನ್ನೆ ಎಳೆದು ನೋಡಿದ.
ಎಳೆಯಿತು. ಒತ್ತಿದ.
ಒಳಗೆ ಫಿಲಂ ಉಳಿದಿತ್ತೋ ಇಲ್ಲವೋ
ಇವನಿಗೂ ಗೊತ್ತಿರಲಿಲ್ಲ.

ಮೂಟೆ ಸರಿಸಿದೆವು. ಬಾಗಿಲ ಸಂದಿಗೆ ನನ್ನ ಹಳೆಯ ಕೋಟು ತುರುಕಿದೆವು.
ಫಿಲಂ ಸುತ್ತುವಾಗ ಕೆಂಪು ದೀಪವೂ ಇರಕೂಡದು.
ಕತ್ತಲಲ್ಲಿ ನನ್ನ ಬೆರಳಿಗೆ ವಯಸ್ಸಾಗಿಲ್ಲ.
ಅಂಚು ಸಿಕ್ಕಿತು, ಸುರುಳಿ ಕಚ್ಚಿತು,
ಕೊನೆಗೆ ಉರುಳೆಗೆ ಅಂಟಿದ ತುದಿಯನ್ನು
ದರ್ಜಿ ಕತ್ತರಿಯಿಂದ ಕಚಕ್ ಅನಿಸಿದೆ,
ಮೂವತ್ತು ವರ್ಷ ಅನಿಸಿದ ಹಾಗೇ.
ನಿಮಿಷಕ್ಕೊಮ್ಮೆ ಡಬ್ಬಿ ಬೋರಲು ಹಾಕುತ್ತ ಒಂಬತ್ತು ನಿಮಿಷ
ಇಬ್ಬರೂ ಮಾತಾಡಲಿಲ್ಲ.
ಹುಳಿ ವಾಸನೆ ಅಕ್ರೋಟಿಗೆಲ್ಲ ಹತ್ತಿತು.

ಒದ್ದೆ ರಿಬ್ಬನ್ನನ್ನು ಬಲ್ಬಿಗೆ ಹಿಡಿದೆ.
ಮಂಜು, ನಾಯಿ, ಸೆಟೆದ ಬೆನ್ನು, ಸೆಟೆದ ಬೆನ್ನು.
ತುದಿಯಲ್ಲಿ ಮೂವತ್ತೇಳನೆಯದು.
ಕಪ್ಪು ಬಿಳಿ ತಿರುವುಮುರುವಾಗಿದ್ದರೂ ಗೊತ್ತಾಯಿತು:
ನಗುತ್ತಿದ್ದಾಳೆ. ಹಲ್ಲಿಲ್ಲ.
ಎಡ ಭುಜ, ಎಡಗೈ, ಚಾಚಿದ ಕಾಲು ಇಲ್ಲ;
ಅಲ್ಲಿ ನನ್ನ ಕತ್ತರಿ ಹಾದುಹೋಗಿದೆ.
ಉಳಿದರ್ಧ ಉರುಳೆಯಲ್ಲೇ ಇತ್ತು. ಉರುಳೆ ಕಸದ ಬುಟ್ಟಿಯಲ್ಲಿ,
ನೂಲಿನ ಚೂರುಗಳ ನಡುವೆ. ನಾವು ದೀಪ ಹಾಕಿದ ಆ ಚಣ
ಬೆಳಕು ಬಂದು ಅವಳ ಅರ್ಧವನ್ನು
ನೆಕ್ಕಿಕೊಂಡು ಹೋಯಿತು.

ಕೈ ಕಡಿದುಕೊಳ್ಳಬೇಕು ಅನಿಸಿತು. ಹೇಳಿದೆ.
ಓತಾರ್ ಬಹಳ ಹೊತ್ತು ನೋಡಿ
"ಕಲ್ಲುಕುಟಿಗನಿಗೆ ಮುಖ ಸಾಕು" ಅಂದ.
ಹಾಗಾದರೆ ಬೇಗ ಕಳಿಸು ಅಂದೆ.
"ಅವಳಿಗೇನೂ ಅವಸರವಿಲ್ಲವಂತೆ.
ಬೇಸಿಗೆಯಲ್ಲಿ ಮತ್ತೆ ಬಾ ಅಂದಿದ್ದಾಳೆ,
ಕ್ಯಾಮೆರಾ ಇಲ್ಲದೆ."

ದುಡ್ಡು ತೆಗೆದ. ಬೇಡ ಅಂದೆ.
ಅವನ ಕೋಟಿಗೆ ಎರಡು ಗುಂಡಿ ಇರಲಿಲ್ಲ,
ಅದನ್ನು ಹಾಕಿಕೊಟ್ಟೆ.
ಅದಕ್ಕೆ ಮಾತ್ರ ಕಾಸು ಇಸಿದುಕೊಂಡೆ.